ಕಾವೇರಿಯ ನೀರು, ಕೋಲಾರದ ಚಿನ್ನ

ಗಣಿ ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ನೆಲದಲ್ಲಿ ತೋಡಿದ ಒಂದು ಆಳವಾದ ಗುಂಡಿಯದು. ಆದರೆ ಗಣಿಯ ಭೂಪಟ ಆ ಗುಂಡಿಗಿಂತ ಎಷ್ಟೋ ಪಾಲು ದೊಡ್ಡದು. ಗಣಿಯ ಯಂತ್ರಗಳಿಗೆ ಶಕ್ತಿಯನ್ನು ಒದಗಿಸುವ ನದಿ, ದುಡಿಯುವ ಕೈಗಳನ್ನು ಕಳುಹಿಸುವ ಹಳ್ಳಿ, ಸರಕನ್ನು ಹೊತ್ತು ತರುವ ರೈಲು, ಲಾಭವನ್ನು ಹಂಚಿಕೊಳ್ಳುವ ದೂರದ ನಗರ, ಕೊನೆಯಲ್ಲಿ ಕಸವನ್ನು ಉಳಿಸಿಕೊಳ್ಳುವ ನೆಲ, ಇವೆಲ್ಲವೂ ಆ ಭೂಪಟದಲ್ಲಿ ಸೇರಿವೆ.

ಮದ್ದೂರಿನ ಶಿವಪುರದಿಂದ ಹೊರಟು ಮಳವಳ್ಳಿಯ ಮಾರ್ಗವಾಗಿ ಶಿವನಸಮುದ್ರಕ್ಕೆ ಹೋಗುವವರಿಗೆ ದಾರಿಯ ಇಕ್ಕೆಲಗಳಲ್ಲಿ ಕಬ್ಬಿನ ಗದ್ದೆಗಳೂ ತೆಂಗಿನ ತೋಟಗಳೂ ಕಾಣುತ್ತವೆ. ಇದನ್ನು ಗಣಿನಾಡೆಂದು ಯಾರೂ ಕರೆಯುವುದಿಲ್ಲ. ಆದರೂ ಈ ಹಸಿರಿನ ಹಿಂದೆ ನೂರೈವತ್ತು ಕಿಲೋಮೀಟರಿನಷ್ಟು ದೂರದಲ್ಲಿರುವ ಒಂದು ಚಿನ್ನದ ಗಣಿಯ ಇತಿಹಾಸ ಅಡಗಿದೆ. ಕೋಲಾರದ ಗಣಿಗೆ ವಿದ್ಯುತ್ತು ಬೇಕಾಗಿರದಿದ್ದರೆ ಮಂಡ್ಯ ಜಿಲ್ಲೆ ಇಂದಿನ ರೂಪವನ್ನು ಇಷ್ಟು ಬೇಗ ಪಡೆಯುತ್ತಿರಲಿಲ್ಲ. ಈ ಎರಡು ನಾಡುಗಳ ನಡುವಿನ ನಂಟನ್ನೂ, ಆ ನಂಟಿನಿಂದ ಯಾರಿಗೆ ಏನು ದೊರೆಯಿತು, ಯಾರ ಪಾಲಿಗೆ ಏನು ಉಳಿಯಿತು ಎಂಬುದನ್ನೂ ಅರಿಯುವುದು ಇಂದಿನ ದಿನಗಳಲ್ಲಿ ಅಗತ್ಯವಾಗಿದೆ.

ಕಲ್ಲಿದ್ದಲಿಲ್ಲದ ನೆಲ

ಕರ್ನಾಟಕದ ನೆಲದಲ್ಲಿ ಚಿನ್ನವಿದೆ, ಕಬ್ಬಿಣವಿದೆ, ಮ್ಯಾಂಗನೀಸ್ ಇದೆ. ಕಲ್ಲಿದ್ದಲಿನ ನಿಕ್ಷೇಪ ಮಾತ್ರ ಇಲ್ಲ. ಇದಕ್ಕೆ ಕಾರಣ ನಮ್ಮ ಬಂಡೆಗಳ ವಯಸ್ಸು. ಕೋಲಾರದ ಚಿನ್ನದ ಬಂಡೆಗಳು ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯವು. ಕಲ್ಲಿದ್ದಲಾದರೋ ಹೂತುಹೋದ ಕಾಡುಗಳಿಂದ ಉಂಟಾದುದು. ನಮ್ಮ ಬಂಡೆಗಳು ರೂಪುಗೊಂಡಾಗ ಭೂಮಿಯ ಮೇಲೆ ಗಿಡಮರಗಳೇ ಹುಟ್ಟಿರಲಿಲ್ಲ.

ನೆರೆಯ ತಮಿಳುನಾಡಿನ ಕಡಲೂರು ಜಿಲ್ಲೆಯ ನೈವೇಲಿಯ ಕಥೆ ಬೇರೆ. ಅಲ್ಲಿಯ ನೆಲ ಎಳೆಯದು. ಅದರ ಅಡಿಯಲ್ಲಿ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲಿದೆ. ಈ ಕಲ್ಲಿದ್ದಲಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುವುದರಿಂದ ಅದನ್ನು ದೂರಕ್ಕೆ ಸಾಗಿಸಿದರೆ ನಷ್ಟ. ಆದಕಾರಣ ಅದನ್ನು ಅಗೆದ ಸ್ಥಳದ ಪಕ್ಕದಲ್ಲಿಯೇ ಉರಿಸಿ ವಿದ್ಯುತ್ತು ಮಾಡಬೇಕು. 1956ರಲ್ಲಿ ನೈವೇಲಿ ಲಿಗ್ನೈಟ್ ನಿಗಮ ಸ್ಥಾಪನೆಯಾಯಿತು. 1962ರಲ್ಲಿ ಅಲ್ಲಿಯ ವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತು. ಗಣಿ, ವಿದ್ಯುತ್ ಕೇಂದ್ರ, ಕಾರ್ಮಿಕರ ಪಟ್ಟಣ, ಎಲ್ಲವೂ ಒಂದೇ ಕಡೆ ಬೆಳೆದು ನಿಂತವು. ಕಂದು ಕಲ್ಲಿದ್ದಲಿನ ನಾಡುಗಳ ಆರ್ಥಿಕ ಭೂಗೋಳ ಜಗತ್ತಿನಲ್ಲೆಲ್ಲ ಹೀಗೆಯೇ: ಗಣಿಯಿರುವಲ್ಲಿಗೆ ಕಾರ್ಖಾನೆ ಬರುತ್ತದೆ, ಅಲ್ಲಿಂದ ತಂತಿಯ ಮೂಲಕ ಶಕ್ತಿ ಹೊರಗೆ ಹರಿಯುತ್ತದೆ. ನೈವೇಲಿಯ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೂ ಒಂದು ಪಾಲುಂಟು.

ಕೋಲಾರದಲ್ಲಿ ಶಕ್ತಿ ಹರಿದದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಅಲ್ಲಿ ಚಿನ್ನವಿತ್ತು, ಇಂಧನವಿರಲಿಲ್ಲ. 1871ರಲ್ಲಿ ನ್ಯೂಜಿಲೆಂಡಿನ ಯುದ್ಧದಿಂದ ಮರಳಿದ್ದ ಮೈಕೇಲ್ ಲವೆಲ್ ಎಂಬ ಐರಿಷ್ ಸೈನಿಕ ಕೋಲಾರದ ಚಿನ್ನದ ಬಗ್ಗೆ ಆಸಕ್ತಿ ತಳೆದು, ಮುಂದೆ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಹಕ್ಕನ್ನು ಪಡೆದನು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿಗೆ ಕಾಲಿಟ್ಟಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಬೆಳೆದವು. ಬಂಡೆಯನ್ನು ಒಡೆಯಲು, ಪುಡಿ ಮಾಡಲು, ನೀರನ್ನು ಮೇಲೆತ್ತಲು, ಕಾರ್ಮಿಕರನ್ನು ಇಳಿಸಿ ಹತ್ತಿಸಲು ಉಗಿಯಂತ್ರಗಳು ಬೇಕಿದ್ದವು. ಅವುಗಳ ಒಲೆಗೆ ಸುತ್ತಲಿನ ಕಾಡಿನ ಸೌದೆ ಹೋಯಿತು. ಕಲ್ಲಿದ್ದಲು ಬಹುದೂರದಿಂದ ಬರಬೇಕಾಯಿತು. 1894ರಲ್ಲಿ ಇಂದಿನ ಬಂಗಾರಪೇಟೆಯಾದ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಹಾಕಿದ್ದು ಈ ಅಗತ್ಯದಿಂದಲೇ. ಗಣಿ ಆಳವಾದಂತೆಲ್ಲ ಇಂಧನದ ಖರ್ಚು ಏರುತ್ತಾ ಹೋಯಿತು. ಅಗ್ಗದ ಶಕ್ತಿ ದೊರೆಯದಿದ್ದರೆ ಆಳದಲ್ಲಿದ್ದ ಚಿನ್ನ ಅಲ್ಲಿಯೇ ಉಳಿಯುತ್ತಿತ್ತು.

ಜಲಪಾತದಿಂದ ಹೊರಟ ತಂತಿ

ಆ ಶಕ್ತಿ ಮಳವಳ್ಳಿಯ ಸೀಮೆಯಲ್ಲಿ ದೊರೆಯಿತು. ಶಿವನಸಮುದ್ರದ ಬಳಿ ಕಾವೇರಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳೆಂಬ ಜಲಪಾತಗಳಲ್ಲಿ ಧುಮುಕುತ್ತಾಳೆ. ಇಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಗಣಿಗೆ ಕಳುಹಿಸಬಹುದೆಂಬ ಯೋಜನೆಯನ್ನು ಸಿದ್ಧಪಡಿಸಿದವರು ಮೈಸೂರು ಸಂಸ್ಥಾನದ ಉಪ ಮುಖ್ಯ ಎಂಜಿನಿಯರರಾಗಿದ್ದ ಜೋಲಿ ಡಿ ಲೊಟ್ಬಿನಿಯೇರ್ ಎಂಬ ಅಧಿಕಾರಿ. ಅದಕ್ಕೆ ಬೆನ್ನೆಲುಬಾಗಿ ನಿಂತವರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಿಂದ, ನೀರಿನ ಚಕ್ರಗಳು ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಸಂಸ್ಥೆಯಿಂದ ಬಂದವು. ಜಲಪಾತದ ಬಳಿ ರೈಲು ಇರಲಿಲ್ಲ. ಬೆಂಗಳೂರು–ಮೈಸೂರು ರೈಲು ಮಾರ್ಗದ ಮೇಲಿದ್ದ ಮದ್ದೂರೇ ಅಂದು ಶಿವನಸಮುದ್ರಕ್ಕೆ ಹೋಗುವವರು ಇಳಿಯುತ್ತಿದ್ದ ನಿಲ್ದಾಣ. ಮುಂದಿನ ಕಚ್ಚಾ ಹಾದಿಯಲ್ಲಿ ಭಾರವಾದ ಯಂತ್ರಭಾಗಗಳನ್ನು ಎಳೆದೊಯ್ಯಲು ಎತ್ತಿನ ಬಂಡಿಗಳೂ ಆನೆಗಳೂ ಬೇಕಾದವು.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಯನ್ನು ತಲುಪಿತು. ತಂತಿಯ ಉದ್ದ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರು. ಆ ಕಾಲದಲ್ಲಿ ಜಗತ್ತಿನ ಅತಿ ಉದ್ದವಾದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಹಿಂದಿನ ವರ್ಷವೇ ನಿಧನರಾಗಿದ್ದ ಶೇಷಾದ್ರಿ ಅಯ್ಯರ್ ಅವರಿಗೆ ಅದನ್ನು ಕಾಣುವ ಭಾಗ್ಯ ಒದಗಲಿಲ್ಲ. ಇಂದು ಆ ವಿದ್ಯುತ್ ಕೇಂದ್ರ ಅವರ ಹೆಸರನ್ನು ಹೊತ್ತಿದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮೊದಲು ವಿದ್ಯುತ್ತು ಸಿಕ್ಕಿದ್ದು ಗಣಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ನೀರು ಧುಮುಕುವ ಸೀಮೆಯ ಹಳ್ಳಿಗಳೂ, ತಂತಿ ಹಾದುಹೋದ ಹಳ್ಳಿಗಳೂ ಇನ್ನೂ ಹಲವು ದಶಕಗಳ ಕಾಲ ಎಣ್ಣೆಯ ದೀಪದಲ್ಲಿಯೇ ಬದುಕಿದವು. ಶಕ್ತಿ ಹುಟ್ಟುವ ಸ್ಥಳಕ್ಕೂ ಅದರ ಬೆಳಕು ಬೀಳುವ ಸ್ಥಳಕ್ಕೂ ನಡುವಿನ ಈ ಅಂತರವನ್ನು ನೈವೇಲಿಯ ಸುತ್ತಲಿನ ರೈತರೂ ಬಲ್ಲರು. ಅಲ್ಲಿ ಗಣಿಗಾಗಿ ಜಮೀನು ಬಿಟ್ಟುಕೊಟ್ಟ ಕುಟುಂಬಗಳು ಅನೇಕ. ಗಣಿಯೊಳಗೆ ನೀರು ಉಕ್ಕದಿರಲೆಂದು ಅಂತರ್ಜಲವನ್ನು ಹಗಲಿರುಳೂ ಮೇಲೆತ್ತಲಾಗುತ್ತದೆ.

ಗಣಿಗಾಗಿ ಕಟ್ಟೆ, ಕಟ್ಟೆಯಿಂದ ನಾಲೆ

ಬೇಸಿಗೆಯಲ್ಲಿ ಕಾವೇರಿ ಬಡವಾದಾಗ ಶಿವನಸಮುದ್ರದ ಚಕ್ರಗಳೂ ನಿಧಾನಗೊಳ್ಳುತ್ತಿದ್ದವು. ಗಣಿಗಳಾದರೋ ಇನ್ನೂ ಹೆಚ್ಚು ವಿದ್ಯುತ್ತನ್ನು, ಅದೂ ವರ್ಷವಿಡೀ ಒಂದೇ ಸಮನಾಗಿ, ಕೇಳುತ್ತಿದ್ದವು. ಮಳೆಗಾಲದ ನೀರನ್ನು ಮೇಲ್ಭಾಗದಲ್ಲಿ ತಡೆದು ನಿಲ್ಲಿಸುವುದೊಂದೇ ಇದಕ್ಕೆ ಪರಿಹಾರ. ಕನ್ನಂಬಾಡಿಯಲ್ಲಿ ಅಣೆಕಟ್ಟೆ ಕಟ್ಟುವ ಆಲೋಚನೆಗೆ ಎರಡು ಗುರಿಗಳಿದ್ದವು: ರೈತರಿಗೆ ನೀರಾವರಿ ಒಂದು, ಗಣಿಗಳಿಗೆ ವಿದ್ಯುತ್ತು ಇನ್ನೊಂದು. ಬಡ ರೈತರ ಹೊಲಕ್ಕೆ ಮಾತ್ರವಾಗಿ ಇಷ್ಟು ಹಣ ಹೂಡಲು ಅಂದಿನ ಸರ್ಕಾರ ಒಪ್ಪುವುದು ಕಷ್ಟವಿತ್ತು. ಗಣಿಗಳಿಂದ ಬರುವ ವಿದ್ಯುತ್ ಶುಲ್ಕ ನಿಶ್ಚಿತವಾದ ಆದಾಯವಾಗಿತ್ತು. ಯೋಜನೆಯ ಲೆಕ್ಕಾಚಾರ ನಿಂತದ್ದು ಬಹುಮಟ್ಟಿಗೆ ಅದರ ಮೇಲೆ.

1909ರಲ್ಲಿ ಮುಖ್ಯ ಎಂಜಿನಿಯರರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಯೋಜನೆಯನ್ನು ರೂಪಿಸಿದರು; ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆ ನೀಡಿದರು. 1911ರಲ್ಲಿ ಕಾಮಗಾರಿ ಆರಂಭವಾಯಿತು. ಮೊದಲ ಹಂತದ ಕೆಲಸ ಅವಸರದಿಂದ ನಡೆದುದಕ್ಕೆ ಕಾರಣ, 1915ರ ವೇಳೆಗೆ ಗಣಿಗಳಿಗೆ ಹೆಚ್ಚಿನ ವಿದ್ಯುತ್ತು ಕೊಡಬೇಕಾಗಿದ್ದ ಒಪ್ಪಂದ. ಮದ್ರಾಸ್ ಪ್ರಾಂತ್ಯದೊಡನೆ ನೀರಿನ ವಿವಾದ ಎದ್ದು 1924ರಲ್ಲಿ ಒಡಂಬಡಿಕೆಯಾಯಿತು. ಅಣೆಕಟ್ಟೆ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಹಳೆಯ ಕನ್ನಂಬಾಡಿಯೂ ಸೇರಿದಂತೆ ಹಲವು ಗ್ರಾಮಗಳು ನೀರಿನಡಿ ಸೇರಿದವು. ಆ ಗ್ರಾಮಗಳ ಜನರು ತೊರೆದುಹೋದ ಮನೆ ಹೊಲಗಳೂ ಗಣಿಯ ಭೂಪಟದಲ್ಲಿ ಸೇರಿವೆ.

ಕಟ್ಟೆ ತುಂಬಿದ ಮೇಲೆ ನಾಲೆ ಹರಿಯಿತು. ವೈಸರಾಯ್ ಇರ್ವಿನ್ನನ ಹೆಸರಿನಲ್ಲಿ ತೋಡಿದ ಆ ನಾಲೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಬಂದಿತು. ಅದು ಹುಲಿಕೆರೆಯ ಸುರಂಗವನ್ನು ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲುಗಳಿಗೆ ಬಂದಿತು. 1876–78ರ ಭೀಕರ ಕ್ಷಾಮವನ್ನು ಕಂಡಿದ್ದ, ರಾಗಿ ಜೋಳ ಹುರುಳಿಗಳಿಗಾಗಿ ಆಕಾಶವನ್ನೇ ನೋಡುತ್ತಿದ್ದ ಮಣ್ಣಿನಲ್ಲಿ ಭತ್ತವೂ ಕಬ್ಬೂ ಬೆಳೆದವು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕಬ್ಬಿನ ಬೆಳೆಗೂ ಸಕ್ಕರೆ ಉದ್ಯಮಕ್ಕೂ ಒತ್ತಾಸೆ ನೀಡಿದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು; ಮರುವರ್ಷ ಕಬ್ಬು ಅರೆಯಲಾರಂಭಿಸಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಾರ್ಖಾನೆ, ಸಂತೆ, ಶಾಲೆ, ಬ್ಯಾಂಕು, ಆಸ್ಪತ್ರೆ, ಎಲ್ಲವೂ ನಾಲೆಯ ನೀರನ್ನು ಹಿಂಬಾಲಿಸಿ ಬಂದವು. ಬೇರೆಡೆಯ ಗಣಿಯ ಅಗತ್ಯದಿಂದ ಹುಟ್ಟಿದ ಕಟ್ಟೆಯೊಂದು ಇಲ್ಲಿಯ ರೈತರ ಬದುಕಿಗೆ ಆಸರೆಯಾಯಿತು.

ಕತ್ತಲೆಯಲ್ಲಿ ದುಡಿದವರು

ಇನ್ನು ತಂತಿಯ ಆಚೆಯ ತುದಿಯನ್ನು ನೋಡೋಣ. ಗಣಿಯೊಳಗೆ ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಮೊದಲಾದ ಜಿಲ್ಲೆಗಳಿಂದ ಬಂದ ತಮಿಳು, ತೆಲುಗು ಭಾಷೆಯ ಬಡವರು. ಅವರಲ್ಲಿ ದಲಿತರೇ ಹೆಚ್ಚು. ಊರಿನಲ್ಲಿ ಭೂಮಿಯೂ ಇಲ್ಲದೆ, ಗೌರವವೂ ಇಲ್ಲದೆ ಬಾಳಿದವರಿಗೆ ಗಣಿಯ ಕೂಲಿ ಒಂದು ಬಿಡುಗಡೆಯಾಗಿಯೂ ಕಂಡಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಮೇಲ್ವಿಚಾರಕರಿಗೆ ಬಂಗಲೆಗಳೂ ಕ್ಲಬ್ಬುಗಳೂ ಇದ್ದವು. ಕಾರ್ಮಿಕರಿಗೆ ತಟ್ಟಿಯ ಗೋಡೆಯ ಸಾಲು ಗುಡಿಸಲುಗಳು. ಆ ಸಾಲುಮನೆಗಳ ನಡುವೆ ಚರ್ಚುಗಳು, ದೇವಸ್ಥಾನಗಳು, ಮಸೀದಿಗಳು ಎದ್ದವು. ಇಂದು ಬೆಂಗಳೂರಿನ ಅನೇಕ ಧರ್ಮಕೇಂದ್ರಗಳಲ್ಲಿ ಆ ಕುಟುಂಬಗಳ ಮಕ್ಕಳೂ ಮೊಮ್ಮಕ್ಕಳೂ ಇದ್ದಾರೆ.

ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಶಿವನಸಮುದ್ರದ ವಿದ್ಯುತ್ತು ಆ ಆಳವನ್ನು ಸಾಧ್ಯವಾಗಿಸಿತು. ಆ ಆಳ ಕಾರ್ಮಿಕರ ದೇಹವನ್ನು ತಿಂದಿತು. ಬಂಡೆಗಳು ಒತ್ತಡದಿಂದ ಸಿಡಿದು ಜೀವಗಳು ಹೋದವು. ಕಲ್ಲಿನ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ರೋಗವಾಯಿತು. ಕಾರ್ಮಿಕರು ಮೌನವಾಗಿಯೇನೂ ಇರಲಿಲ್ಲ. 1930ರಲ್ಲಿ ಪ್ರತಿಯೊಬ್ಬರೂ ಬೆರಳಚ್ಚು ಕೊಡಬೇಕೆಂಬ ನಿಯಮ ಬಂದಾಗ, ತಮ್ಮನ್ನು ಅಪರಾಧಿಗಳಂತೆ ಕಾಣಲಾಗುತ್ತಿದೆಯೆಂದು ಅವರು ಮುಷ್ಕರ ಹೂಡಿದರು.

ನೂರಿಪ್ಪತ್ತು ವರ್ಷಗಳಲ್ಲಿ ಆ ಗಣಿಗಳಿಂದ ಸುಮಾರು 800 ಟನ್ ಚಿನ್ನ ಹೊರಬಂದಿತು. ಕಂಪನಿಗಳ ಲಾಭಾಂಶ ಲಂಡನ್ನಿಗೆ ಹೋಯಿತು. ಮೈಸೂರು ಸಂಸ್ಥಾನಕ್ಕೆ ಚಿನ್ನದ ಬೆಲೆಯ ಶೇಕಡಾ 5ರಷ್ಟು ರಾಜಧನ ಬಂದಿತು. ಸಂಸ್ಥಾನದ ಬೊಕ್ಕಸಕ್ಕೆ ಅದು ಒಳ್ಳೆಯ ಆಸರೆಯಾಯಿತು.

ಮುಚ್ಚಿದ ಬಾಗಿಲು

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. ಅಷ್ಟರಲ್ಲಿ ಆಳ ಹೆಚ್ಚಿತ್ತು, ಅದಿರಿನಲ್ಲಿ ಚಿನ್ನದ ಅಂಶ ಟನ್ನಿಗೆ ಕೆಲವೇ ಗ್ರಾಂಗಳಿಗೆ ಇಳಿದಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು.

ಮುಚ್ಚುವ ದಿನ ಒಂದಲ್ಲ ಒಂದು ದಿನ ಬರುತ್ತದೆಂಬುದು ದಶಕಗಳ ಹಿಂದೆಯೇ ತಿಳಿದಿತ್ತು. ಚಿನ್ನದ ಪಟ್ಟಣಕ್ಕೆ ಬದಲಿ ಬದುಕನ್ನು ಕಟ್ಟುವ ಕೆಲಸ ಮಾತ್ರ ಅರೆಮನಸ್ಸಿನಿಂದ ನಡೆಯಿತು. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಕಾರ್ಖಾನೆ ಕೆಲವರಿಗೆ ಉದ್ಯೋಗ ನೀಡಿತು, ಎಲ್ಲರಿಗೂ ಅಲ್ಲ. ಇಂದು ನಸುಕಿನಲ್ಲಿ ಮಾರಿಕುಪ್ಪಂನಿಂದ ಹೊರಡುವ ರೈಲುಗಳು ಗಣಿಯವರ ಮಕ್ಕಳನ್ನು ಬೆಂಗಳೂರಿನ ಕೆಲಸಗಳಿಗೆ ಒಯ್ದು ರಾತ್ರಿ ಹಿಂದಕ್ಕೆ ತರುತ್ತವೆ. ಒಂದು ಕಾಲದಲ್ಲಿ ಗಣಿಗೆ ಸರಕು ತಂದ ಹಳಿಗಳ ಮೇಲೆ ಈಗ ದುಡಿಮೆಯೇ ಊರ ಹೊರಗೆ ಸಾಗುತ್ತಿದೆ.

ಊರಿನಲ್ಲಿ ಉಳಿದದ್ದು ಸಯನೈಡ್ ದಿಬ್ಬಗಳು. ಪುಡಿ ಮಾಡಿದ ಬಂಡೆಯಿಂದ ಸಯನೈಡ್ ಬಳಸಿ ಚಿನ್ನವನ್ನು ತೆಗೆದ ಮೇಲೆ ಸುರಿದ ಮಣ್ಣು ಮೂರು ಕೋಟಿ ಟನ್ನಿಗೂ ಮಿಗಿಲು. ಅದು 13 ದಿಬ್ಬಗಳಾಗಿ ಸಾವಿರ ಎಕರೆಯಷ್ಟು ಜಾಗವನ್ನು ಆವರಿಸಿದೆ. ಗಾಳಿ ಬೀಸಿದಾಗ ಅದರ ಧೂಳು ಮನೆಗಳೊಳಗೆ ಬರುತ್ತದೆ. ಈ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು.

ಹೀಗೆ ಒಂದೇ ತಂತಿಯ ಎರಡು ತುದಿಗಳಲ್ಲಿ ಎರಡು ಬಗೆಯ ಫಲ ದೊರೆಯಿತು. ಮಂಡ್ಯದ ಕಡೆ ಉಳಿದದ್ದು ಕಟ್ಟೆ ಮತ್ತು ನಾಲೆ. ಅವುಗಳಿಗೆ ಪ್ರತಿ ಮಳೆಗಾಲವೂ ಹೊಸ ಜೀವ ಕೊಡುತ್ತದೆ. ಕೋಲಾರದ ಕಡೆ ಉಳಿದದ್ದು ಬರಿದಾದ ಸುರಂಗ ಮತ್ತು ವಿಷದ ಮಣ್ಣು. ಅಗೆದು ತೆಗೆದ ಖನಿಜ ಮತ್ತೆ ಹುಟ್ಟುವುದಿಲ್ಲ. ಅದರ ಆದಾಯದಲ್ಲಿ ಎಷ್ಟನ್ನು ಶಾಲೆ, ನೀರು, ಕೃಷಿ, ಕೌಶಲಗಳಾಗಿ ಮಾರ್ಪಡಿಸಿದೆವೋ ಅಷ್ಟು ಮಾತ್ರ ನಾಡಿಗೆ ಉಳಿಯುತ್ತದೆ. ಮಂಡ್ಯದಲ್ಲಿ ಅದು ನಡೆಯಿತು. ಯಾರ ಶ್ರಮದಿಂದ ಆದಾಯ ಬಂದಿತೋ ಅವರ ಊರಿನಲ್ಲಿ ಸಾಕಷ್ಟು ನಡೆಯಲಿಲ್ಲ.

ಬೇರೆ ರೀತಿಯೂ ಸಾಧ್ಯವೆಂಬುದಕ್ಕೆ ಜರ್ಮನಿಯ ಲುಸಾಟಿಯಾ ಎಂಬ ಕಂದು ಕಲ್ಲಿದ್ದಲಿನ ಸೀಮೆ ಒಂದು ನಿದರ್ಶನ. 1990ರ ನಂತರ ಅಲ್ಲಿಯ ಬಹುಪಾಲು ಗಣಿಗಳು ಒಮ್ಮೆಗೇ ನಿಂತಾಗ ಸಾವಿರಾರು ಜನ ಕೆಲಸ ಕಳೆದುಕೊಂಡರು. ಯುವಕರು ಊರು ಬಿಟ್ಟರು. ಆ ನೋವಿನಿಂದ ಕಲಿತ ಆ ದೇಶ, 2020ರಲ್ಲಿ ಕಾನೂನು ಮಾಡಿ, ಕಲ್ಲಿದ್ದಲಿನಿಂದ ವಿದ್ಯುತ್ತು ಮಾಡುವುದನ್ನು 2038ರೊಳಗೆ ನಿಲ್ಲಿಸಲು ಗಡುವು ಹಾಕಿಕೊಂಡಿತು. ಗಣಿನಾಡುಗಳಲ್ಲಿ ಹೊಸ ಬದುಕು ಕಟ್ಟಲು 40 ಶತಕೋಟಿ ಯೂರೋವರೆಗಿನ ಹಣವನ್ನು ಮುಂಚಿತವಾಗಿಯೇ ಗೊತ್ತುಮಾಡಿತು. ಹಳೆಯ ಗುಂಡಿಗಳಲ್ಲಿ ನೀರು ತುಂಬಿಸಿ ಸರೋವರಗಳನ್ನು ನಿರ್ಮಿಸಲಾಗಿದೆ. ಅಲ್ಲಿ ಎಲ್ಲ ಗಾಯಗಳೂ ಮಾಗಿವೆಯೆಂದಲ್ಲ. ಆದರೆ ಗಣಿ ಮುಚ್ಚುವ ಮೊದಲೇ ಮುಂದಿನ ಬದುಕಿನ ಬಗ್ಗೆ ಯೋಚಿಸಿದ್ದಾರೆ.

ನಮ್ಮ ಬಾಗಿಲಿಗೆ ಬಂದಿರುವ ಪ್ರಶ್ನೆ

ಈ ಇತಿಹಾಸ ನಮಗೇಕೆ ಎಂದು ಕೇಳಬಹುದು. 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದಂತೆ, ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಸುಮಾರು 1,600 ಟನ್ ಲಿಥಿಯಂ ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯದ ಸಮೀಕ್ಷೆ ಅಂದಾಜು ಮಾಡಿದೆ. ಮೊಬೈಲಿನಿಂದ ಹಿಡಿದು ವಿದ್ಯುತ್ ವಾಹನಗಳವರೆಗೆ ಬ್ಯಾಟರಿಗಳಿಗೆ ಬೇಕಾದ ಲೋಹವಿದು. ಪ್ರಮಾಣ ಚಿಕ್ಕದು, ಗಣಿ ಬರಬಹುದು, ಬಾರದೆಯೂ ಇರಬಹುದು. ಇತ್ತ ಕನ್ನಂಬಾಡಿ ಕಟ್ಟೆಯ ಸುತ್ತಲಿನ ಕಲ್ಲುಗಣಿಗಳ ಸ್ಫೋಟದಿಂದ ಕಟ್ಟೆಗೆ ಅಪಾಯವಾದೀತೆಂಬ ಆತಂಕವೆದ್ದು, 2024ರ ಜನವರಿಯಲ್ಲಿ ರಾಜ್ಯ ಹೈಕೋರ್ಟು 20 ಕಿಲೋಮೀಟರು ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿ ಆದೇಶಿಸಿತು. ಒಂದು ಗಣಿಗಾಗಿ ಕಟ್ಟಿದ ಕಟ್ಟೆಯನ್ನು ಇನ್ನೊಂದು ಬಗೆಯ ಗಣಿಗಾರಿಕೆಯಿಂದ ಕಾಪಾಡಬೇಕಾಗಿ ಬಂದಿದೆ.

ಕಬ್ಬು ಕೂಡ ನಮಗೆ ಒಂದು ಪಾಠ ಕಲಿಸಿದೆ. ಒಂದೇ ಬೆಳೆ, ಒಂದೇ ಕಾರ್ಖಾನೆಯನ್ನು ನೆಚ್ಚಿದ ನಾಡು ಒಂದೇ ಗಣಿಯನ್ನು ನೆಚ್ಚಿದ ಪಟ್ಟಣದಂತೆಯೇ ಕುಸಿಯಬಲ್ಲದು. ಮಂಡ್ಯದ ಸಕ್ಕರೆ ಕಾರ್ಖಾನೆ ಕೆಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಆರಂಭವಾಗುವವರೆಗೆ ಬೆಳೆಗಾರರು ಪಟ್ಟ ಪಾಡನ್ನು ಈ ಭಾಗದ ಓದುಗರಿಗೆ ವಿವರಿಸಬೇಕಾಗಿಲ್ಲ. ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ರೈತರಿಗೆ ಬೇಸಿಗೆಯ ನೀರಿನ ಬವಣೆಯೂ ಹೊಸತಲ್ಲ.

1902ರಲ್ಲಿ ತಂತಿ ಎಳೆದಾಗ ಹಳ್ಳಿಯವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಕನ್ನಂಬಾಡಿಯವರದನ್ನೂ ಕೇಳಲಿಲ್ಲ, ಗಣಿಯ ಕೂಲಿಯವರದನ್ನಂತೂ ಕೇಳಲೇ ಇಲ್ಲ. 1938ರ ಏಪ್ರಿಲ್ 11ರಂದು ಶಿವಪುರದಲ್ಲಿ ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಿದ ಜನ ಕೇಳಿದ್ದು ಜವಾಬ್ದಾರಿ ಸರ್ಕಾರವನ್ನು, ಅಂದರೆ ತಮ್ಮ ನಾಡಿನ ನಿರ್ಧಾರಗಳಲ್ಲಿ ತಮ್ಮ ಮಾತಿಗೆ ಬೆಲೆ ಇರಬೇಕೆಂಬುದನ್ನು. ಆ ಮಾತನ್ನು ಆಡುವ ಸ್ಥಳ ಇಂದು ಗ್ರಾಮಸಭೆ. ಗಣಿಯಾಗಲಿ ಕಾರ್ಖಾನೆಯಾಗಲಿ ಊರಿಗೆ ಬಂದಾಗ ಅಲ್ಲಿ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕು: ನೀರು ಎಲ್ಲಿಂದ ಬರುತ್ತದೆ? ಆದಾಯದಲ್ಲಿ ಈ ಊರಿಗೆ ಶಾಶ್ವತವಾಗಿ ಉಳಿಯುವುದೇನು? ಇದು ಮುಚ್ಚಿದ ದಿನ ದುಡಿದವರ ಗತಿಯೇನು, ಕಸ ಯಾರದು?

ಇದರೊಡನೆ ಒಂದು ಋಣವೂ ನಮ್ಮ ಮೇಲಿದೆ. ನಾಲೆಯ ನೀರು ಕುಡಿದು ಬೆಳೆದ ನಾವು, ಆ ನಾಲೆಗೆ ಕಾರಣವಾದ ಗಣಿಯಲ್ಲಿ ಉಸಿರು ಸವೆಸಿದವರನ್ನು ಮರೆಯಬಾರದು. ಅವರ ಮಕ್ಕಳು ಇಂದು ನಮ್ಮ ನಗರಗಳಲ್ಲಿ ಕೂಲಿಗಾಗಿ, ಬಾಡಿಗೆಯ ಮನೆಗಾಗಿ ಅಲೆಯುವಾಗ ಹೊರಗಿನವರೆಂದು ಕಾಣದೆ ನಮ್ಮವರೆಂದೇ ಬರಮಾಡಿಕೊಳ್ಳೋಣ. ಸಯನೈಡ್ ದಿಬ್ಬಗಳ ನಡುವೆ ಬಾಳುವವರು ಶುದ್ಧ ಗಾಳಿಯನ್ನೂ ನೀರನ್ನೂ ಕೇಳಿದಾಗ ಮಂಡ್ಯದಿಂದಲೂ ಅವರ ಪರವಾಗಿ ಒಂದು ದನಿ ಏಳಲಿ.